ಮೊಳೆ ಹೊಡೆದ ಜಾಗದ ಮನೆ

ಆ ಊರಿನಲ್ಲಿ ಗೋಡೆಯನ್ನು ತಿದ್ದುವಂತಿರಲಿಲ್ಲ. ಊರನ್ನು ತಿದ್ದಬಹುದಿತ್ತು.

ಗೋಡೆ ಇದ್ದದ್ದು ಊರ ನಡುವಿನ ಚಾವಡಿಯಲ್ಲಿ. ನೂರು ಮೊಳ ಉದ್ದ, ಇಪ್ಪತ್ತು ಮೊಳ ಎತ್ತರ. ಅದರ ಮೇಲೆ ಇಡೀ ಊರನ್ನು ಬರೆದಿರುತ್ತಿದ್ದರು. ಮನೆ, ಬೀದಿ, ಬಾವಿ, ಎಮ್ಮೆ, ಮನುಷ್ಯರು, ಎಲ್ಲವನ್ನೂ. ಬರೆಯುತ್ತಿದ್ದುದು ಹಸಿ ಗಾರೆಯ ಮೇಲೆ. ಸುಣ್ಣದ ಗಾರೆ ಹಸಿಯಾಗಿರುವಾಗ ಬಣ್ಣ ಹಚ್ಚಿದರೆ ಗೋಡೆ ಆ ಬಣ್ಣವನ್ನು ಕುಡಿಯುತ್ತದೆ. ಒಣಗಿದ ಮೇಲೆ ಎರಡೂ ಸೇರಿ ಒಂದೇ ಕಲ್ಲಾಗುತ್ತವೆ. ಬೆಳಗ್ಗೆ ಮೆತ್ತಿದ ಗಾರೆ ಸಂಜೆಯವರೆಗೆ ಹಸಿಯಾಗಿರುತ್ತದೆ. ತಪ್ಪಾಗಿದ್ದರೆ ಅಷ್ಟರೊಳಗೆ ಕಣ್ಣಿಗೆ ಬೀಳಬೇಕು. ಆಮೇಲೆ ಕಣ್ಣಿಗೆ ಬಿದ್ದದ್ದನ್ನು ಆ ಊರಿನಲ್ಲಿ ತಪ್ಪು ಎಂದು ಕರೆಯುತ್ತಿರಲಿಲ್ಲ.

ಗೋಡೆ ಒಣಗಿದ ಮಾರನೆಯ ಬೆಳಗ್ಗೆ ಅಳತೆಗಾರ ಕೋಲು ಹಿಡಿದು ಬರುತ್ತಿದ್ದ. ಗೋಡೆಯಲ್ಲಿ ಏನಿದೆ ಎಂದು ನೋಡುತ್ತಿದ್ದ. ಊರಲ್ಲಿ ಏನಿದೆ ಎಂದು ನೋಡುತ್ತಿದ್ದ. ಎರಡೂ ಹೊಂದದಿದ್ದರೆ ಕಲ್ಲೊಡೆಯುವವರನ್ನು ಕರೆಸಿ ಊರನ್ನು ಹೊಂದಿಸುತ್ತಿದ್ದ. ಗೋಡೆಯಲ್ಲಿ ಇಲ್ಲದ್ದು ಊರಲ್ಲೂ ಇಲ್ಲ. ಹಿಂದೊಮ್ಮೆ ಒಬ್ಬ ನೇಕಾರ ನೂಲು ತರಲು ಪರಸ್ಥಳಕ್ಕೆ ಹೋಗಿದ್ದಾಗ ಗೋಡೆ ಒಣಗಿಬಿಟ್ಟಿತು. ಅವನು ಹಿಂದಿರುಗಿ ಬಂದು ತನ್ನ ಮನೆಯ ಬಾಗಿಲು ತಟ್ಟಿದ. ಹೆಂಡತಿ ಬಾಗಿಲು ತೆರೆದು, ಅವನ ಮುಖವನ್ನೇ ನೋಡಿ, ಗಾಳಿ ಎಂದು ಅಗುಳಿ ಹಾಕಿಕೊಂಡಳು. ಕೆಟ್ಟವಳೇನಲ್ಲ, ನಿಯಮಕ್ಕೆ ಬೆಲೆ ಕೊಡುವ ಹೆಂಗಸು. ನೇಕಾರ ಒಂಬತ್ತು ವರ್ಷ ಬೀದಿಯಲ್ಲಿ ನಿಂತು ತಾನು ಇದ್ದೇನೆ ಎಂದು ಕೂಗಿದ. ಆ ಒಂಬತ್ತು ವರ್ಷ ಊರಲ್ಲಿ ಗಾಳಿ ಸ್ವಲ್ಪ ಜಾಸ್ತಿ ಎಂದು ಜನ ಮಾತಾಡಿಕೊಂಡರು.

ಒಂದು ಶೈಲಿ ಹಳೆಯದಾದಾಗ ನೆಂಟರು ಬಂದು ನಗುತ್ತಿದ್ದರು. ಆಗ ಅರಮನೆಯ ಒಡೆಯ ದೂರದ ನಾಡಿನಿಂದ ಹೊಸ ಗುರುವನ್ನು ಕರೆಸುತ್ತಿದ್ದ. ಹಳೆಯ ಗಾರೆ ಕೆತ್ತಿ ಹಾಕಿ ಹೊಸ ಗಾರೆ ಮೆತ್ತುತ್ತಿದ್ದರು. ಹೀಗೆ ಬಂದ ಗುರುಗಳು ಸಾಮಾನ್ಯರಲ್ಲ. ಅವರ ಹೆಸರು ಕೇಳಿದರೆ ಏಳು ನಾಡಿನ ಚಿತ್ರಗಾರರು ಎದ್ದು ನಿಲ್ಲುತ್ತಿದ್ದರು.

ಮೊದಲು ಬಂದವನು ಒಂದು ಕಣ್ಣಿನ ಗುರು. ಅವನು ಎಲ್ಲರ ಮುಖವನ್ನೂ ಪಕ್ಕದಿಂದಲೇ ಬರೆಯುತ್ತಿದ್ದ. ಹಣೆ, ಮೂಗು, ಗಲ್ಲ ಒಂದೇ ಗೆರೆಯಲ್ಲಿ ಇಳಿದು ಬರುತ್ತಿದ್ದವು. ಅಳಿಲಿನ ಬಾಲದ ಕೂದಲಿನ ಕುಂಚ. ರೆಪ್ಪೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಚಿತ್ರ ಅದ್ಭುತವಾಗಿತ್ತು. ಒಣಗಿದ ಮೇಲೆ ಅಳತೆಗಾರ ನೋಡಿದರೆ ಊರಲ್ಲಿ ಎಲ್ಲರಿಗೂ ಒಂದೇ ಕಣ್ಣು. ಜನ ಇನ್ನೊಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡರು. ಕೊನೆಯ ಕೇರಿಯ ಜನರನ್ನು ಗುರು ಬೆನ್ನು ಹಾಕಿ ನಿಂತಂತೆ ಬರೆದಿದ್ದ. ಆದ್ದರಿಂದ ಅವರಿಗೆ ಮುಖವಿರಲಿಲ್ಲ. ಅವರು ಮುಖದ ಮೇಲೆ ಗೋಣಿ ಎಳೆದುಕೊಂಡು, ಬೆನ್ನು ಮುಂದಾಗಿ ನಡೆದು, ಊರೊಳಗೆ ಕೆಲಸಕ್ಕೆ ಬಂದರು.

ಆಮೇಲೆ ಚಿನ್ನದ ಗುರು ಬಂದ. ಅವನ ಚಿತ್ರದಲ್ಲಿ ಆಕಾಶವಿಲ್ಲ, ಮರವಿಲ್ಲ. ಎಲ್ಲರ ಹಿಂದೆಯೂ ಬರೀ ಚಿನ್ನದ ತಗಡು. ಯಾರು ದೊಡ್ಡವರೋ ಅವರು ದೊಡ್ಡದಾಗಿ, ಯಾರು ಚಿಕ್ಕವರೋ ಅವರು ಚಿಕ್ಕದಾಗಿ. ಚಿತ್ರ ಅದ್ಭುತವಾಗಿತ್ತು. ಒಣಗಿದ ಮೇಲೆ ಊರಿನ ಮರಗಳನ್ನೆಲ್ಲ ಕಡಿದರು. ಒಡೆಯ ಮೂರಾಳು ಎತ್ತರವಿದ್ದುದರಿಂದ ಮರಗಾಲು ಕಟ್ಟಿಕೊಂಡು ಓಡಾಡಿದ. ಕೊನೆಯ ಕೇರಿಯವರು ಮೊಣಕಾಲೆತ್ತರ ಇದ್ದರು. ಅವರ ಬಾಗಿಲುಗಳನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಮೇಲೆ ಕಲ್ಲು ಕಟ್ಟಿದರು.

ಆಮೇಲೆ ಕತ್ತಲೆಯ ಗುರು. ಅವನ ಗೋಡೆಯಲ್ಲಿ ಒಂದೇ ಒಂದು ಕಿಟಕಿ, ಆ ಕಿಟಕಿಯಿಂದ ಒಡೆಯನ ಕೆನ್ನೆಯ ಮೇಲೆ ಬಿದ್ದ ಬೆಳಕು, ಉಳಿದದ್ದೆಲ್ಲ ದೀಪದ ಮಸಿ. ಚಿತ್ರ ಅದ್ಭುತವಾಗಿತ್ತು. ಒಣಗಿದ ಮೇಲೆ ಊರಿನ ಕಿಟಕಿಗಳನ್ನೆಲ್ಲ ಮುಚ್ಚಿದರು. ಕೊನೆಯ ಕೇರಿ ಮಸಿಯ ಭಾಗಕ್ಕೆ ಸೇರಿತ್ತು. ಅಲ್ಲಿ ದೀಪ ಹಚ್ಚುವಂತಿರಲಿಲ್ಲ.

ಆ ಕೇರಿಯಲ್ಲಿ ಹದಿನೇಳು ಮನೆ. ಗೋಡೆಗೆ ಸುಣ್ಣ ಸುಡುವವರು, ಸುಟ್ಟದ್ದಕ್ಕೆ ನೀರು ಹಾಯಿಸಿ ಅರಳಿಸುವವರು, ಬೆಲ್ಲದ ನೀರು ಅಳಲೆಕಾಯಿ ರಸ ಹಾಕಿ ಗಾರೆ ಅರೆಯುವವರು ಎಲ್ಲರೂ ಅಲ್ಲಿಯವರೇ. ಕಟ್ಟಕಡೆಯ ಮನೆ ಗಾರೆಯವಳದು. ಅವಳ ಗಂಡ ದೀಪವಿಲ್ಲದ ದಾರಿಯಲ್ಲಿ ಬರುತ್ತಾ ಸುಣ್ಣ ಅರಳುವ ಗುಂಡಿಗೆ ಬಿದ್ದ. ಅರಳುವ ಸುಣ್ಣ ಕುದಿಯುತ್ತಿರುತ್ತದೆ. ಸುದ್ದಿ ಮುಟ್ಟಿದಾಗ ಕತ್ತಲೆಯ ಗುರು, ಹೆಣ ಎತ್ತುವಾಗ ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬಿದ್ದಿತ್ತು ಎಂದು ಕೇಳಿದನಂತೆ.

ಗಾರೆಯವಳು ಮೂರನೆಯ ದಿನಕ್ಕೆ ಕೆಲಸಕ್ಕೆ ಹಿಂದಿರುಗಿದಳು. ಗೋಡೆಯ ಕೆಳಮೂಲೆಯಲ್ಲಿ ಒಂದು ಬಿರುಕು ಬಿಟ್ಟಿತ್ತು, ಅದಕ್ಕೆ ಸುಣ್ಣ ತುಂಬಬೇಕಾಗಿತ್ತು.

ಅವಳ ಮನೆಯಲ್ಲಿ ಈಗ ಉಳಿದದ್ದು ಅವಳು ಮತ್ತು ಅತ್ತೆ. ಅತ್ತೆಗೆ ಸೊಂಟ ಬಿದ್ದು ಹೋಗಿತ್ತು, ನಾಲಿಗೆ ಬಿದ್ದಿರಲಿಲ್ಲ.

ದೂರದ ಗುರು ಬಂದದ್ದು ಇದಾದ ಮೇಲೆ. ಒಳ್ಳೆಯ ಮನುಷ್ಯ. ಗಾರೆಯವಳನ್ನು ತಾಯಿ ಎಂದು ಕರೆದ. ಹಿಂದಿನ ಮೂವರು ಗುರುಗಳು ಅವಳನ್ನು ಕರೆದೇ ಇರಲಿಲ್ಲ. ಅವನ ಶೈಲಿಯಲ್ಲಿ ಮೇಲು ಕೀಳು ಎಂಬುದಿಲ್ಲ. ಕಣ್ಣಿಗೆ ಹತ್ತಿರ ಇದ್ದದ್ದು ದೊಡ್ಡದು, ದೂರ ಇದ್ದದ್ದು ಚಿಕ್ಕದು, ಅಷ್ಟೆ. ಇಂದು ದೂರ ಇರುವವನು ನಾಳೆ ಹತ್ತಿರ ಬಂದು ನಿಂತರೆ ಅವನೂ ದೊಡ್ಡವನೇ. ಮೊದಲ ಬೀದಿಯ ವಿದ್ವಾಂಸರು ಇದನ್ನು ಕೇಳಿ ಕಣ್ಣೊರೆಸಿಕೊಂಡರು. ಕೊನೆಗೂ ನ್ಯಾಯ ಬಂತು, ಇನ್ನು ಹುಟ್ಟು ನೋಡುವವರಿಲ್ಲ, ಬರೀ ಲೆಕ್ಕ ಎಂದರು. ಕೊನೆಯ ಕೇರಿಯನ್ನು ಅಷ್ಟು ದೂರ ಒಯ್ದು ಇಟ್ಟವರು ಯಾರು ಎಂದು ಒಬ್ಬ ಕುಂಬಾರ ಕೇಳಿದ. ಅದು ಚಿತ್ರಕಲೆಗೆ ಸಂಬಂಧಿಸಿದ ಪ್ರಶ್ನೆಯಲ್ಲ ಎಂದು ಅವನನ್ನು ಕೂರಿಸಿದರು.

ಕಣ್ಣು ಯಾರದು ಎಂಬುದು ತೀರ್ಮಾನವಾಗಬೇಕಿತ್ತು. ಒಡೆಯ ತೀರ್ಮಾನಿಸಿದ. ತಾನು ಅರಮನೆಯ ಉಪ್ಪರಿಗೆಯ ಮೇಲೆ ನಿಂತು ನೋಡುತ್ತೇನೆ, ತನ್ನ ಕಣ್ಣಿಗೆ ಹೇಗೆ ಕಾಣುತ್ತದೆಯೋ ಹಾಗೆ ಬರೆಯತಕ್ಕದ್ದು ಎಂದ. ಗುರು ಕೈಮುಗಿದು, ಅದೇ ಸರಿಯಾದ ಜಾಗ ಎಂದ.

ಕೆಲಸ ಮೊದಲಾಯಿತು. ಉಪ್ಪರಿಗೆಯಿಂದ ಊರ ಮುಖ್ಯ ಬೀದಿ ನೇರವಾಗಿ ಹೋಗಿ ಕೊನೆಯ ಕೇರಿಯಲ್ಲಿ ಮುಗಿಯುತ್ತಿತ್ತು. ಗುರು ಗೋಡೆಯ ಮೇಲೆ ಆ ಬೀದಿಯ ತುದಿ ಬರುವ ಜಾಗವನ್ನು ಗುರುತಿಸಿ ಅಲ್ಲೊಂದು ಮೊಳೆ ಹೊಡೆದ. ಮೊಳೆಗೆ ದಾರ ಕಟ್ಟಿದ. ದಾರಕ್ಕೆ ಕಾವಿ ಮಣ್ಣು ಸವರಿದ. ಗಾರೆಯವಳು ಏಣಿಯ ಮೇಲೆ ನಿಂತು ಮೊಳೆಯ ಬಳಿ ದಾರವನ್ನು ಬಿಗಿಯಾಗಿ ಒತ್ತಿ ಹಿಡಿಯಬೇಕು. ಗುರು ಇನ್ನೊಂದು ತುದಿ ಹಿಡಿದು ಗೋಡೆಯ ಅಂಚಿಗೆ ಹೋಗಿ, ದಾರವನ್ನು ಎಳೆದು, ಮಿಡಿಯಬೇಕು. ಗೋಡೆಯ ಮೇಲೆ ಕೆಂಪು ಗೆರೆ ಬೀಳುತ್ತಿತ್ತು. ಒಂದು ಗೆರೆ ಮೊದಲ ಬೀದಿಯ ಮಾಳಿಗೆಗಳಿಗೆ. ಒಂದು ಗೆರೆ ಆ ಮಾಳಿಗೆಗಳ ಜಗಲಿಗೆ. ಒಂದು ಗೆರೆ ಎರಡನೆಯ ಬೀದಿಯ ಸೂರಿಗೆ. ದಾರ ಮಿಡಿದಾಗಲೆಲ್ಲ ಅವಳ ಬೆರಳಿಗೆ ಪೆಟ್ಟು. ಎಲ್ಲ ಗೆರೆಗಳೂ ಅವಳ ಬೆರಳಿನ ಕೆಳಗಿನಿಂದಲೇ ಹೊರಡುತ್ತಿದ್ದವು.

ನಾಲ್ಕನೆಯ ದಿನ ಅವಳು ಈ ಮೊಳೆಯ ಜಾಗದಲ್ಲಿ ಏನು ಬರೆಯುತ್ತೀರಿ ಎಂದು ಕೇಳಿದಳು. ಅಲ್ಲಿ ಏನೂ ಬರೆಯುವುದಿಲ್ಲ ಎಂದ ಗುರು.

"ಅಲ್ಲಿ ನಮ್ಮನೆ ಇದೆ ಸ್ವಾಮಿ."

"ಗೊತ್ತು ತಾಯಿ. ನಿಮ್ಮ ಮನೆಯನ್ನ ನಾನು ತೆಗೀತಿಲ್ಲ. ಗೆರೆಗಳು ಅಲ್ಲಿ ಸೇರ್ತವೆ. ಅಷ್ಟೇ."

"ಸೇರಿ ಎಲ್ಲಿಗೆ ಹೋಗ್ತವೆ?"

"ಎಲ್ಲಿಗೂ ಇಲ್ಲ. ಅಲ್ಲಿಗೆ ಎಲ್ಲ ಮುಗೀತದೆ."

ಕೇರಿಯ ಉಳಿದ ಹದಿನಾರು ಮನೆಗಳ ಗತಿ ಏನು ಎಂದು ಅವಳು ಕೇಳಿದಳು. ಮೊಳೆಯ ತಲೆಯಷ್ಟು ಜಾಗದಲ್ಲಿ ಹದಿನೇಳು ಮನೆ ಹಿಡಿಯುವುದಿಲ್ಲ ಎಂದು ಗುರು ತಾಳ್ಮೆಯಿಂದ ವಿವರಿಸಿದ. ಅದಕ್ಕೆ ತಾನು ಹೊಣೆಯಲ್ಲ, ರೇಖಾಗಣಿತ ಹೊಣೆ. ಬೇಕಾದರೆ ಅವಳಿಗೆ ಅದನ್ನು ಕಲಿಸಿಕೊಡುವುದಾಗಿಯೂ ಹೇಳಿದ. ಆಮೇಲೆ ಮಾಳಿಗೆಯ ಇನ್ನೊಂದು ಗೆರೆಗೆ ದಾರ ಬಿಗಿಯಾಗಿ ಹಿಡಿಯಲು ಹೇಳಿದ. ಅವಳು ಹಿಡಿದಳು.

ಸಂಜೆ ಅವಳು ಅಳತೆಗಾರನ ಮನೆಗೆ ಹೋದಳು. ಅಳತೆಗಾರ ಊಟಕ್ಕೆ ಕೂತಿದ್ದ. ಎದ್ದು ಕೈ ತೊಳೆದು ಬಂದು ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡ. ಗೋಡೆ ಇನ್ನೂ ಒಣಗಿರಲಿಲ್ಲವಾದ್ದರಿಂದ ಅವಳ ಮಾತು ಅವನಿಗೆ ಕೇಳಿಸುತ್ತಿತ್ತು. ಒಣಗುವ ಮುಂಚೆ ತನ್ನಿಂದ ಏನೂ ಮಾಡಲಾಗದು, ಒಣಗಿದ ಮೇಲೆ ಯಾರಿಂದಲೂ ಏನೂ ಮಾಡಲಾಗದು ಎಂದ. ಒಣಗಿದ ಮೇಲೂ ನಾವು ಇದ್ದರೆ ಎಂದು ಅವಳು ಕೇಳಿದಳು. ಹಾಗೆ ಇರುವವರು ಯಾರೂ ತನ್ನ ಅನುಭವದಲ್ಲಿ ಇಲ್ಲ ಎಂದ ಅಳತೆಗಾರ. ಮಜ್ಜಿಗೆ ಕುಡಿದು ಹೋಗು ಎಂದೂ ಹೇಳಿದ. ಅವನ ಹೆಂಡತಿ ಮಜ್ಜಿಗೆ ತಂದು, ದೂರದಿಂದ ಕೈಗೆ ಹೊಯ್ದಳು.

ಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. "ಮುಖ ಇಲ್ಲ ಅಂದ್ರು, ಗೋಣಿ ಹಾಕ್ಕೊಂಡ್ವಿ," ಎಂದಳು. "ಮೊಣಕಾಲುದ್ದ ಅಂದ್ರು, ತೆವಳಿದ್ವಿ. ದೀಪ ಹಚ್ಚಬೇಡಿ ಅಂದ್ರು, ನನ್ನ ಮಗನ್ನ ಸುಣ್ಣದಲ್ಲಿ ಬೇಯಿಸಿ ತಂದುಕೊಟ್ರು. ಈಗ ಇವನ್ಯಾರೋ ತಾಯಿ ತಾಯಿ ಅಂತ ಬಂದು ಇಲ್ಲವೇ ಇಲ್ಲ ಅಂತಾನೆ. ನೀನು ಹೋಗಿ ಅವನಿಗೆ ದಾರ ಹಿಡೀತೀಯ."

"ಹಿಡೀದೆ ಏನ್ಮಾಡ್ಲಿ ಅತ್ತೆ?"

"ನನ್ನ ಕೇಳ್ತೀಯ? ನಾನು ಇಪ್ಪತ್ತು ವರ್ಷ ಕರಣೆ ಹಿಡಿದೋಳು."

ಅತ್ತೆ ಗೋಡೆಯ ಕಡೆಗೆ ತಿರುಗಿಕೊಂಡಳು. ಅದು ಮಣ್ಣಿನ ಗೋಡೆ. ಊರಿಗೆಲ್ಲ ಸುಣ್ಣ ಸುಟ್ಟ ಆ ಕೇರಿಯಲ್ಲಿ ಒಂದು ಮನೆಗೂ ಸುಣ್ಣ ಬಳಿದಿರಲಿಲ್ಲ. ಹಿಂದಿನ ಯಾವ ಗುರುವೂ ಆ ಮನೆಗಳನ್ನು ಬಿಳಿಯಾಗಿ ಬರೆದಿರಲಿಲ್ಲ.

ದಿನಕ್ಕೊಂದು ತೇಪೆಯಂತೆ ಗೋಡೆ ತುಂಬುತ್ತಾ ಬಂತು. ಬೆಳಗ್ಗೆ ಗಾರೆಯವಳು ಅಂದಿನ ಕೆಲಸಕ್ಕೆ ಸಾಕಾಗುವಷ್ಟು ಗಾರೆ ಮೆತ್ತಿ ಕರಣೆಯಿಂದ ನುಣ್ಣಗೆ ಎಳೆಯುವಳು. ಗುರು ಅದು ಹಸಿಯಿರುವಷ್ಟು ಹೊತ್ತು ಬರೆಯುವನು. ಮೇಲಿನಿಂದ ಕೆಳಕ್ಕೆ. ಮೊದಲು ಆಕಾಶ, ಆಮೇಲೆ ದೂರದ ಗುಡ್ಡ, ಆಮೇಲೆ ಹೆಬ್ಬೆರಳಿನಷ್ಟು ಮನೆಗಳು, ಆಮೇಲೆ ಗೇಣಿನಷ್ಟು ಮನೆಗಳು, ಆಮೇಲೆ ಮಾರುದ್ದದ ಮಾಳಿಗೆಗಳು. ಕೊನೆಯ ಕೇರಿಯವರ ಹೊರತು ಜನರನ್ನೆಲ್ಲ ಬೀದಿಗೆ ಕರೆಸಿ ನಿಲ್ಲಿಸಿದ್ದರು, ಅರಮನೆಯ ಅಡುಗೆಯವರನ್ನೂ ಕಾವಲಿನವರನ್ನೂ ಕೂಡ. ಮೊದಲ ಬೀದಿಯವರು ಮುಂದೆ ಬಂದು ನಿಂತು ಆಳೆತ್ತರಕ್ಕೆ ಮೂಡಿದರು. ಅಳತೆಗಾರ ಕೋಲು ಸಮೇತ ಮೂಡಿದ. ದೂರದ ಗುಡ್ಡಕ್ಕೆ ಗುರು ತೆಳುವಾದ ನೀಲಿ ಹಚ್ಚಿದ್ದ. ದೂರಕ್ಕೆ ಹೋದಷ್ಟೂ ಬಣ್ಣ ಸುಸ್ತಾಗುತ್ತದೆ ಎಂದು ಅವನು ಹೇಳುತ್ತಿದ್ದ. ಚಿತ್ರ ಅದ್ಭುತವಾಗಿತ್ತು. ಗೋಡೆಯಲ್ಲಿ ತೂತು ಕೊರೆದು ಅದರೊಳಗೆ ನಿಜವಾದ ಊರನ್ನು ಇಟ್ಟಂತಿತ್ತು. ಎದುರಿಗೆ ಒಂದು ಚಪ್ಪಡಿ ಹಾಕಿದ್ದರು. ಅದರ ಮೇಲೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಒಡೆಯನಿಗೆ ಹೇಗೆ ಕಾಣುತ್ತದೆಯೋ ಹಾಗೆಯೇ ಕಾಣುತ್ತಿತ್ತು. ದಿನವೂ ಜನ ಸಾಲು ನಿಂತು, ಒಬ್ಬೊಬ್ಬರಾಗಿ ಹತ್ತಿ, ಒಂದು ಗಳಿಗೆ ಒಡೆಯನಾಗಿ, ಇಳಿದು ಹೋಗುತ್ತಿದ್ದರು.

ಹದಿಮೂರನೆಯ ದಿನ ಉಳಿದದ್ದು ಗೋಡೆಯ ಕೆಳ ಅಂಚು. ಗಾರೆಯವಳು ನೆಲದ ಮೇಲೆ ಕೂತು ಗಾರೆ ಮೆತ್ತಿದಳು. ಗುರು ಅದರ ಮೇಲೆ ಅರಮನೆಯ ಮುಂದಿನ ಅಂಗಳದ ಕಲ್ಲುಹಾಸನ್ನು ಬರೆದ. ಒಂದೊಂದು ಕಲ್ಲೂ ಮಂಚದಷ್ಟು ಅಗಲ. ಮಧ್ಯಾಹ್ನಕ್ಕೆ ಮುಗಿಯಿತು. ಮೊಳೆ ಕಿತ್ತು ತೂತಿಗೆ ಸುಣ್ಣ ತುಂಬಲು ಅವಳಿಗೆ ಹೇಳಿ ಗುರು ಕೈ ತೊಳೆಯಲು ಹೋದ.

ಅವಳು ಏಣಿ ಹತ್ತಿ ಮೊಳೆ ಕಿತ್ತಳು. ತನ್ನ ಮನೆಯ ಜಾಗಕ್ಕೆ ತಾನೇ ಸುಣ್ಣ ತುಂಬಿ ಹೆಬ್ಬೆರಳಿನಿಂದ ಒತ್ತಿದಳು. ಒತ್ತಿ, ಇಳಿದು, ಎಲ್ಲಿಯಾದರೂ ಬಿರುಕಿದೆಯೇ ಎಂದು ನೋಡಲು ನಾಲ್ಕು ಹೆಜ್ಜೆ ಹಿಂದಕ್ಕೆ ಬಂದಳು. ಅದು ಅವಳ ಕೆಲಸ. ಗುರುಗಳು ಚಿತ್ರ ನೋಡುತ್ತಾರೆ, ಗಾರೆಯವರು ಗೋಡೆ ನೋಡುತ್ತಾರೆ. ಅವಳು ಮೇಲಿನ ಎಡಮೂಲೆಯಿಂದ ಆರಂಭಿಸಿ ತೇಪೆ ತೇಪೆಯಾಗಿ ನೋಡುತ್ತಾ ಬಂದಳು. ಗುಡ್ಡ, ಎರಡನೆಯ ಬೀದಿ, ಬಾವಿ, ಮೊದಲ ಬೀದಿ, ಅಂಗಳ, ಅಂಗಳದ ಕೊನೆಯ ಕಲ್ಲು. ಕೊನೆಯ ಕಲ್ಲಿನ ಕೆಳಗೆ ಗೋಡೆ ಮುಗಿದಿತ್ತು.

ಅವಳು ಇನ್ನೊಮ್ಮೆ ಆರಂಭದಿಂದ ನೋಡಿದಳು.

ಅರಮನೆ ಇರಲಿಲ್ಲ. ಒಡೆಯನೂ ಇರಲಿಲ್ಲ. ನೋಡುತ್ತಾ ನಿಂತವನು ನೋಟದೊಳಗೆ ಹೇಗೆ ಬರುತ್ತಾನೆ? ಹದಿಮೂರು ದಿನ ಇಡೀ ಊರು ಆ ಚಪ್ಪಡಿಯ ಮೇಲೆ ಹತ್ತಿ ಇಳಿದಿತ್ತು. ಎಲ್ಲರೂ ಒಡೆಯನ ಕಣ್ಣಿನಿಂದ ನೋಡುವ ಸಂಭ್ರಮದಲ್ಲಿದ್ದರು, ಒಡೆಯನನ್ನು ಯಾರೂ ಹುಡುಕಿರಲಿಲ್ಲ.

ಕಲ್ಲುಹಾಸಿನ ತೇಪೆಯನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿದಳು. ಹಸಿಯಿತ್ತು. ಸಂಜೆಯವರೆಗೆ ಹಸಿಯಿರುತ್ತದೆ. ಹೇಳಿದರೆ ಗುರು ಅಲ್ಲಿ ಒಂದು ಕಂಬವನ್ನೋ, ಉಪ್ಪರಿಗೆಯ ಅಂಚನ್ನೋ, ಒಡೆಯನ ಕೈಯನ್ನೋ ತುರುಕಬಲ್ಲ.

ಗುರು ಹಿಂದಿರುಗಿದಾಗ ಅವಳು, ಮೊಳೆಯ ತೂತಿಗೆ ತುಂಬಿದ ಸುಣ್ಣ ಇನ್ನೂ ಹಸಿಯಿದೆ, ಅದರ ಮೇಲೆ ಒಂದು ಚುಕ್ಕೆ ಇಡಲಾದೀತೇ ಎಂದು ಕೇಳಿದಳು. ಸಾಸಿವೆಯಷ್ಟು ಕಾವಿ ಸಾಕು. ಅದನ್ನು ಮನೆ ಎಂದುಕೊಳ್ಳುತ್ತೇವೆ, ಹದಿನೇಳು ಮನೆಯವರೂ ಅದರಲ್ಲೇ ಇರುತ್ತೇವೆ ಎಂದಳು. ಗುರುವಿಗೆ ನಿಜವಾಗಿಯೂ ನೋವಾಯಿತು. ಇಡೀ ಗೋಡೆಯಲ್ಲಿ ತಾನು ಸುಳ್ಳು ಹೇಳಬಾರದ ಜಾಗ ಅದೊಂದೇ ಎಂದ.

ಇಳಿಹೊತ್ತಿಗೆ ಒಡೆಯ ಬಂದ. ಗುರು ಅವನನ್ನು ಚಪ್ಪಡಿಯ ಮೇಲೆ ನಿಲ್ಲಿಸಿದ. ಒಡೆಯ ಒಂದು ಕಣ್ಣು ಮುಚ್ಚಿದ. ಗಾರೆಯವಳು ಮೂಲೆಯಲ್ಲಿ ಬಾಣಲಿ ತೊಳೆಯುತ್ತಿದ್ದಳು. ಒಡೆಯನೆದುರು ಅವಳ ಕೇರಿಯವರು ಬಾಯಿ ತೆರೆಯುವ ಪದ್ಧತಿ ಇರಲಿಲ್ಲ. ಅವಳು ತೆರೆದಳು.

"ಬುದ್ಧೀ, ನಮ್ಮನೆ ಕಾಣ್ತದಾ?"

ಒಡೆಯ ಮುಚ್ಚಿದ ಕಣ್ಣು ತೆರೆಯಲಿಲ್ಲ, ತಿರುಗಲೂ ಇಲ್ಲ. ಅವನ ಮನಸ್ಸು ಚಿತ್ರದಲ್ಲಿತ್ತು. "ಕಾಣಬೇಕಾದ್ದೆಲ್ಲ ಕಾಣ್ತಾ ಇದೆ," ಎಂದ. "ಒಂದೂ ಬಿಟ್ಟಿಲ್ಲ."

ಅವಳು ಬಾಣಲಿ ತೊಳೆದಳು, ಕರಣೆ ತೊಳೆದಳು. ಗೋಡೆಯ ಬಳಿ ಕೂತಳು. ಒಡೆಯ ಹೋದ. ಗುರು ಶಾಲು ಹೊದ್ದು, ಬಣ್ಣದ ಪೆಟ್ಟಿಗೆ ಗಾಡಿಗೆ ಹಾಕಿಸಿ, ಅಂದೇ ಹೊರಟ. ಇನ್ನೊಂದು ಊರು ಅವನ ದೂರದ ಶೈಲಿಗಾಗಿ ಕಾಯುತ್ತಿತ್ತು. ಅವಳು ಆಗಾಗ ಎದ್ದು ಕಲ್ಲುಹಾಸನ್ನು ಬೆರಳಿನಿಂದ ಮುಟ್ಟುತ್ತಿದ್ದಳು. ಮೊದಲು ಬೆರಳಿಗೆ ಅಂಟುತ್ತಿತ್ತು. ಆಮೇಲೆ ತಣ್ಣಗಿತ್ತು. ಆಮೇಲೆ ಉಗುರಿನಿಂದ ತಟ್ಟಿದರೆ ಸದ್ದು ಬಂತು. ಆಗ ಅವಳು ಮನೆಗೆ ಹೋಗಿ, ಅತ್ತೆಗೆ ಅಂಬಲಿ ಕಾಸಿ ಕೊಟ್ಟು, ಪಾತ್ರೆಗಳನ್ನು ಗಂಟು ಕಟ್ಟಿದಳು. ಉಳಿದ ಹದಿನಾರು ಮನೆಗಳಿಗೂ ಹೋಗಿ ಗಂಟು ಕಟ್ಟಲು ಹೇಳಿದಳು. ಬೇರೇನೂ ಹೇಳಲಿಲ್ಲ.

ಬೆಳಗಾಯಿತು. ಒಡೆಯ ಮುಖ ತೊಳೆಯಲು ಬಿಸಿನೀರು ಕೇಳಿದ. ಯಾರೂ ಬರಲಿಲ್ಲ. ಇನ್ನೊಮ್ಮೆ ಕೇಳಿದ. ಅಡುಗೆಯವನು ಬಾಗಿಲಲ್ಲೇ ನಿಂತಿದ್ದ. ಗೋಡೆಯಲ್ಲಿ ಬಾವಿಯ ಪಕ್ಕ ನಿಂತಂತೆ ಮೂಡಿದ್ದರಿಂದ ಅವನು ಬಾವಿಯ ಕಡೆಗೆ ಹೊರಟ.

ಚಾವಡಿಯಲ್ಲಿ ಅಳತೆಗಾರ ಹತ್ತಿರದಿಂದ ದೂರಕ್ಕೆ ಅಳೆಯುತ್ತಾ ಹೋಗುವುದು ಎಂದು ನಿಶ್ಚಯಿಸಿ ಅರಮನೆಯನ್ನು ಹುಡುಕಿದ. ಬಹಳ ಹೊತ್ತು ಹುಡುಕಿದ. ಅವನು ಆತುರದ ಮನುಷ್ಯನಲ್ಲ. ಕೋಲಿನಿಂದ ಅಂಚಿನವರೆಗೆ ಅಳೆದು, ಅಂಚಿನಿಂದ ಹಿಂದಕ್ಕೆ ಅಳೆದು, ಚಪ್ಪಡಿಯ ಮೇಲೆ ಹತ್ತಿ ಎರಡೂ ಕಣ್ಣು ತೆರೆದು ನೋಡಿದ. ಆಮೇಲೆ ಕಲ್ಲೊಡೆಯುವವರನ್ನು ಕರೆಸಿ, ಅಂಗಳದ ಕೊನೆಯಲ್ಲಿ ಏನೋ ಕಲ್ಲಿನ ರಾಶಿ ಬಿದ್ದಿದೆ, ತೆಗೆದುಬಿಡಿ ಎಂದ.

ಯಾರೂ ದಂಗೆ ಎದ್ದಿರಲಿಲ್ಲ. ಇದನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಆಮೇಲೆ ಹೊರಗಿನವರು ಹಾಗೆ ಬರೆದರು. ಕಲ್ಲೊಡೆಯುವವರು ಒಡೆಯನ ಮೇಲೆ ಅಪಾರ ಭಕ್ತಿಯಿಟ್ಟವರು. ಆ ಭಕ್ತಿಯಿಂದಲೇ ಅವನ ಗೋಡೆಯ ಮಾತನ್ನು ನಡೆಸಿದರು. ಮೊದಲು ಉಪ್ಪರಿಗೆ ತೆಗೆದರು. ಒಡೆಯ ನಿಲ್ಲಿಸಿ ಎಂದು ಅಪ್ಪಣೆ ಮಾಡಿದ. ಚರ್ಮ ಸುಲಿಸುತ್ತೇನೆ ಎಂದ. ಅವರು ಅವನ ಸುತ್ತ ಕಲ್ಲು ಕಳಚುತ್ತಾ, ಮಳೆ ಬರುವಂತಿದೆ, ಗುಡುಗುತ್ತಿದೆ ಎಂದು ಮಾತಾಡಿಕೊಂಡರು. ಮೆಟ್ಟಿಲುಗಳನ್ನು ಮೇಲಿನಿಂದ ಒಂದೊಂದಾಗಿ ಕೀಳುತ್ತಾ ಬಂದರು. ಒಡೆಯ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಬಂದ. ನಾಲ್ಕನೆಯ ದಿನ ಅವನು ಬಯಲಲ್ಲಿ ನಿಂತಿದ್ದ. ಅವನು ನಿಂತಿದ್ದ ಜಾಗವನ್ನು ಗುಡಿಸಿದರು.

ಆಮೇಲೆ ಎರಡನೆಯ ಬೀದಿಯ ಬಾಗಿಲುಗಳನ್ನು ಗೇಣಿಗೆ ಇಳಿಸಿದರು. ಬೀದಿ ಹೋಗುತ್ತಾ ಹೋಗುತ್ತಾ ಕಿರಿದಾಗಬೇಕಾದ್ದರಿಂದ ಅದರ ಎರಡೂ ಬದಿಯ ಮನೆಗಳನ್ನು ಒಳಕ್ಕೆ ಒತ್ತಿ ಕಟ್ಟಿದರು. ಜನ ಪಕ್ಕವಾಗಿ ನುಸುಳಿ ಓಡಾಡಲು ಕಲಿತರು. ಹನ್ನೊಂದನೆಯ ದಿನ ಕೊನೆಯ ಕೇರಿಗೆ ಬಂದರು.

ಗೋಡೆ ಮಣ್ಣಿನದು, ಹೊತ್ತು ಹಿಡಿಯಲಿಲ್ಲ. ಕಲ್ಲೊಡೆಯುವವರಲ್ಲಿ ಒಬ್ಬ ಮುದುಕ ಗಾರೆಯವಳ ಗಂಡನ ಜೊತೆ ದುಡಿದವನು. ಅವನು ಅತ್ತೆಯ ಮಂಚವನ್ನು ಅತ್ತೆಯ ಸಮೇತ ಎತ್ತಿ ಹೊರಗಿಟ್ಟು, ಖಾಲಿ ಮಂಚ ಇಷ್ಟು ಭಾರವೇ ಎಂದು ಜೊತೆಗಾರನಿಗೆ ಹೇಳಿದ. ಅತ್ತೆ ಅವನ ಅಪ್ಪನ ಹೆಸರು ಹಿಡಿದು, ಅಜ್ಜನ ಹೆಸರು ಹಿಡಿದು ಬೈದಳು. ಅವನು ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿಸಿಕೊಂಡ. ಕೇಳಿಸಲಿಲ್ಲ ಎಂಬಂತೆ ಹೊರಟುಹೋದ.

ಊರಿನ ಗಡಿಯಾಚೆ, ಗುಡ್ಡದ ಬುಡದಲ್ಲಿ, ಸುಣ್ಣ ಸುಡುವ ಗೂಡು ಇತ್ತು. ಹದಿನೇಳು ಮನೆಯವರು ಗಂಟು ಹೊತ್ತು ಅಲ್ಲಿಗೆ ಹೋದರು. ಒಡೆಯ ಅವರಿಗಿಂತ ಮೊದಲೇ ಅಲ್ಲಿಗೆ ಬಂದು ಗೂಡಿನ ಆಚೆ ಬದಿಯಲ್ಲಿ ಕೂತಿದ್ದ. ಹನ್ನೊಂದು ದಿನದಿಂದ ಅವನ ಮಾತು ಯಾರಿಗೂ ಕೇಳಿಸಿರಲಿಲ್ಲ. ಗೋಡೆಯಲ್ಲಿ ಇಲ್ಲದವರು ಈಗ ಅವನೂ ಅವರೂ ಮಾತ್ರ. ಆದ್ದರಿಂದ ಅವನ ಮಾತು ಇವರಿಗೆ ಕೇಳಿಸಿತು.

ಮೊದಲ ದಿನ ಅವನು ಅಪ್ಪಣೆ ಕೊಟ್ಟ. ಎರಡನೆಯ ದಿನ ತನ್ನ ಅಪ್ಪಣೆಗಳ ಹಿಂದಿನ ಕಾರಣಗಳನ್ನು ವಿವರಿಸಿದ. ಮೂರನೆಯ ದಿನ ನೀರು ಕೇಳಿದ. ಅತ್ತೆ ಮಂಚದ ಮೇಲಿಂದಲೇ, ಆ ಹಳ್ಳ ಇದೆಯಲ್ಲ, ಬಗ್ಗಿ ಕುಡಿ, ನಾವೂ ಹಾಗೇ ಕುಡಿದದ್ದು ಎಂದಳು. ಅವನು ಹೋಗಿ ಬಗ್ಗಿ ಕುಡಿದು ಬಂದು, ಸುಣ್ಣಕ್ಕೆ ನೀರು ಹಾಯಿಸುತ್ತಿದ್ದ ಗಾರೆಯವಳ ಮುಂದೆ ನಿಂತ.

"ನಾನು ಚಿತ್ರದಲ್ಲಿ ಇಲ್ಲ ಅಂತ ಒಬ್ಬನಾದ್ರೂ ಹೇಳ್ಲಿಲ್ಲ," ಎಂದ. "ಗುರುವಿಗೆ ಗೊತ್ತಾಗ್ಲಿಲ್ಲ. ಅಷ್ಟು ಜನ ವಿದ್ವಾಂಸರು, ಅವರಿಗೂ ಗೊತ್ತಾಗ್ಲಿಲ್ಲ. ಯಾರಿಗೂ ಗೊತ್ತಾಗ್ಲಿಲ್ಲ."

"ನಂಗೆ ಗೊತ್ತಾಯ್ತು."

"ಯಾವಾಗ?"

"ಹಸಿ ಇದ್ದಾಗ."

ಅವನು ಅವಳನ್ನು ನೋಡಿದ. ಎರಡೂ ಕಣ್ಣು ತೆರೆದು, ಇಷ್ಟು ಹತ್ತಿರದಿಂದ ಅವನು ಆ ಕೇರಿಯ ಒಬ್ಬರನ್ನು ನೋಡಿದ್ದು ಅದೇ ಮೊದಲು. ಗುಂಡಿಯಲ್ಲಿ ಸುಣ್ಣ ಕುದಿಯಲು ಹತ್ತಿತ್ತು. ಅವಳು ಉದ್ದ ಕೋಲಿನಿಂದ ಅದನ್ನು ತಿರುವುತ್ತಾ, ಹಿಂದಕ್ಕೆ ಸರಿ, ಸಿಡಿಯುತ್ತದೆ ಎಂದಳು. ಅವನು ಹಿಂದಕ್ಕೆ ಸರಿದ.

ಮಳೆಗಾಲ ಮುಗಿಯುವಷ್ಟರಲ್ಲಿ ಊರಿಗೆ ಇನ್ನೊಬ್ಬ ಗುರುವನ್ನು ಕರೆಸಬೇಕು ಎಂದಾಯಿತು. ಮೊದಲ ಬೀದಿಯ ಹಿರಿಯರು ತಮ್ಮಲ್ಲಿ ಒಬ್ಬರು ದೊಡ್ಡದಾಗಿ ಮೂಡುವ ಶೈಲಿ ಬೇಕು ಎಂದು ಒಮ್ಮತಕ್ಕೆ ಬಂದಿದ್ದರು. ಗುರು ಬಂದ. ಹಳೆಯ ಗಾರೆ ಕೆತ್ತಲು ಉಳಿ ಕೇಳಿದ. ಹೊಸ ಗಾರೆಗೆ ಸುಣ್ಣ ಕೇಳಿದ. ಊರಲ್ಲಿ ಸುಣ್ಣ ಅರಳಿಸಲು ಬಲ್ಲವರು ಒಬ್ಬರೂ ಇರಲಿಲ್ಲ. ಇಬ್ಬರು ವಿದ್ವಾಂಸರು ಪ್ರಯತ್ನಿಸಿ ಅಂಗೈ ಸುಟ್ಟುಕೊಂಡರು. ಗುರು ಎರಡು ವಾರ ಛತ್ರದಲ್ಲಿ ಉಂಡು ಮಲಗಿ, ಬೇರೆ ಊರಿಗೆ ಹೋದ.

ಕೊನೆಗೆ ಅಳತೆಗಾರ ಸುಣ್ಣದ ಗೂಡಿಗೆ ಬಂದ. ಗೂಡಿನ ಸುತ್ತ ಹದಿನೇಳು ಮನೆಗಳು ಎದ್ದಿದ್ದವು. ಕಲ್ಲಿನ ಗೋಡೆ, ಗೋಡೆಗೆ ಗಾರೆ, ಗಾರೆಗೆ ಸುಣ್ಣ. ಬಿಸಿಲಿಗೆ ಕಣ್ಣು ಕೋರೈಸುವಷ್ಟು ಬಿಳಿ. ಬಾಗಿಲುಗಳು ಆಳೆತ್ತರಕ್ಕಿಂತ ಎತ್ತರವಾಗಿದ್ದವು. ಅತ್ತೆ ಜಗಲಿಯ ಮೇಲೆ ಮಂಚ ಹಾಕಿಸಿಕೊಂಡಿದ್ದಳು. ಒಡೆಯ ಕಲ್ಲು ಹೊರುತ್ತಿದ್ದ, ಅಷ್ಟೇನೂ ಚೆನ್ನಾಗಿ ಹೊರುತ್ತಿರಲಿಲ್ಲ. ಗಾರೆಯವಳು ತನ್ನ ಮನೆಯ ಮುಂದಿನ ಗೋಡೆಗೆ ಕರಣೆ ಎಳೆಯುತ್ತಿದ್ದಳು.

ಅಳತೆಗಾರ ಅವಳ ಎದುರಿಗೆ ಬಂದು, ಅವಳ ಪಕ್ಕದ ಕಲ್ಲೊಂದನ್ನು ನೋಡುತ್ತಾ, ಇಲ್ಲಿ ಯಾರಾದರೂ ಇದ್ದಿದ್ದರೆ ಇಪ್ಪತ್ತು ಬುಟ್ಟಿ ಸುಣ್ಣ ಕೇಳಬಹುದಿತ್ತು ಎಂದ. ಅವಳು ಕರಣೆ ಎಳೆದಳು. ಊರಿನ ಗೋಡೆ ಬಿರುಕು ಬಿಡುತ್ತಿದೆ ಎಂದ. ಅವಳು ಕರಣೆ ತಿರುಗಿಸಿ ಅಂಚು ತೀಡಿದಳು. ಸುಣ್ಣ ಸಿಕ್ಕಿದರೆ ಹೊಸ ಗೋಡೆಯಲ್ಲಿ ಒಳ್ಳೆಯ ಜಾಗದಲ್ಲಿ, ಬಾವಿಯ ಹತ್ತಿರ, ಆಳೆತ್ತರಕ್ಕೆ ಯಾರನ್ನಾದರೂ ಬರೆಸಬಹುದಿತ್ತು, ಆದರೆ ಇಲ್ಲಿ ಯಾರೂ ಇಲ್ಲವಲ್ಲ ಎಂದ. ಅಷ್ಟು ಹೇಳಿ ಕಾದ. ಅವನು ಅಷ್ಟು ಹೊತ್ತು ಕಾದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಅವಳು ಬಾಣಲಿಯಲ್ಲಿ ಉಳಿದ ಗಾರೆಯನ್ನು ಬಳಿದು ತೆಗೆದು, ಗೋಡೆಗೆ ಮೆತ್ತಿ, ಇನ್ನೊಂದು ಬಾಣಲಿ ತರಲು ಒಳಗೆ ಹೋದಳು.

ಗೂಡಿನಿಂದ ಹೊಗೆ ಎದ್ದು ಅಳತೆಗಾರನ ಮುಖಕ್ಕೆ ಕವಿಯಿತು. ಅವನ ಎರಡೂ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯಿತು. ಅವನು ತನ್ನ ಅಳತೆಯ ಪುಸ್ತಕ ತೆರೆದು, ದಿನ ಮತ್ತು ಹೊತ್ತನ್ನು ಬರೆದು, ಕೆಳಗೆ, ಬಯಲಲ್ಲಿ ಕಾರಣವಿಲ್ಲದೆ ಕಣ್ಣೀರು ಬಂದಿದೆ ಎಂದು ಸೇರಿಸಿ, ಕಣ್ಣೊರೆಸಿಕೊಳ್ಳದೆ ಹಿಂದಿರುಗಿದ.